ಯಾವ ಪೈಕಿ ಎಂದು ಕೆದಕುವ ಮುನ್ನ

ಬೆಂಗಳೂರಿನ ಜೀವನ್ ಬಿಮಾ ನಗರದ ಹೆಸರು ಯಾರದೋ ಧರ್ಮ ಕೆದಕಿದ ಸುದ್ದಿಯೊಂದರಲ್ಲಿ ಕಾಣಿಸಿಕೊಳ್ಳುವ ಮೊದಲೇ ಈ ಮಾತು ಹೇಳಬೇಕಾಗಿದೆ. ಲಕ್ಷಾಂತರ ಮಂದಿ ಫೋನಿನಲ್ಲಿ ನೋಡುವ ಒಬ್ಬ ವ್ಯಕ್ತಿ ತಾನು ಹಿಂದೂ ಎಂದೋ, ಮುಸ್ಲಿಂ ಎಂದೋ, ಕ್ರೈಸ್ತ ಎಂದೋ, ಸಿಖ್ ಎಂದೋ, ಇಲ್ಲವೇ ಹುಟ್ಟಿದ ಮತ ಬಿಟ್ಟು ಬಂದವನೆಂದೋ ಹೇಳಿಕೊಳ್ಳುತ್ತಾನೆ. ಒಂದು ದಿನ ಯಾರೋ ಕೇಳುತ್ತಾರೆ: ಇವನು ನಿಜವಾಗಿ ಆ ಪೈಕಿಯವನೇ? ಅಲ್ಲಿಂದ ಹುಡುಕಾಟ ಶುರುವಾಗುತ್ತದೆ. ಹಳೆಯ ಫೋಟೊ, ಅಪ್ಪನ ಹೆಸರು, ಶಾಲೆಯ ಗುಂಪುಚಿತ್ರ, ಅಕ್ಕನ ಮದುವೆ ಆಲ್ಬಂ, ಮನೆಬಾಗಿಲಿನ ತೋರಣ, ಹಿನ್ನೆಲೆಯ ಗೋಡೆಯಲ್ಲಿ ನೇತುಬಿದ್ದ ಕ್ಯಾಲೆಂಡರ್, ಎಲ್ಲವೂ ಸ್ಕ್ರೀನ್‌ಶಾಟ್ ಆಗಿ ಗುಂಪಿನಿಂದ ಗುಂಪಿಗೆ ಹರಿಯುತ್ತವೆ. ಸಂಜೆಯಾಗುವಷ್ಟರಲ್ಲಿ ವಿಳಾಸ ಹೊರಬೀಳುತ್ತದೆ. ವಿಳಾಸ ಎಂದರೆ ಒಂದು ಅಡ್ಡರಸ್ತೆ, ಒಂದು ಮನೆ ನಂಬರು, ಆ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೇ ಇರಬಹುದಾದ ತಾಯಿ.

ಎಲ್‌ಐಸಿ ಕಾಲೊನಿಯಿಂದ ಹೆಸರು ಪಡೆದ ಈ ಬಡಾವಣೆಯನ್ನೇ ಎತ್ತಿಕೊಳ್ಳಲು ಕಾರಣವಿದೆ. ಒಂದು ಕಡೆ ಕೋಡಿಹಳ್ಳಿ, ಇನ್ನೊಂದು ಕಡೆ ಹೊಸ ತಿಪ್ಪಸಂದ್ರ, ದಕ್ಷಿಣಕ್ಕೆ ಮುರುಗೇಶಪಾಳ್ಯ, ಪಶ್ಚಿಮಕ್ಕೆ ಇಂದಿರಾನಗರ. ನಿವೃತ್ತ ಎಚ್‌ಎಎಲ್ ನೌಕರರ ಮನೆಗಳ ಮೇಲ್ಮಹಡಿಗಳಲ್ಲಿ ಅಸ್ಸಾಂ, ಒಡಿಶಾ, ಕೇರಳ, ಬಿಹಾರಗಳಿಂದ ಬಂದ ಹುಡುಗ ಹುಡುಗಿಯರ ಪಿಜಿಗಳಿವೆ. ಕೆಳಗಿನವರಿಗೆ ಮೇಲಿನವರ ಮುಖ ಗೊತ್ತು, ಊರು ಅರ್ಧ ಗೊತ್ತು, ಹೆಸರು ಗೊತ್ತಿಲ್ಲ. ಮೇಲಿನವರು ರಾತ್ರಿ ಕೋಣೆಯಲ್ಲಿ ದೀಪ ಹಚ್ಚಿ ರೀಲ್ಸ್ ಮಾಡುತ್ತಾರೆ, ಲೈವ್ ಬರುತ್ತಾರೆ. ನಿಮ್ಮ ಮೇಲಿನ ಮನೆಯವರಿಗೆ ನಿಮ್ಮೂರಿನ ಜನಸಂಖ್ಯೆಗಿಂತ ಹೆಚ್ಚು ಫಾಲೋವರ್‌ಗಳಿರಬಹುದು, ಅದು ನಿಮಗೆ ಗೊತ್ತಾಗುವುದು ಕ್ಯಾಮೆರಾ ಹಿಡಿದವರು ಗೇಟಿನ ಮುಂದೆ ಬಂದು ನಿಂತಾಗಲೇ. ಪರಿಚಯ ಕಡಿಮೆ, ಫೋನು ಹೆಚ್ಚು ಇರುವ ಇಂಥ ಬೀದಿಗಳಲ್ಲಿ ಗುರುತಿನ ಅನುಮಾನ ಬೇಗ ಹೊತ್ತಿಕೊಳ್ಳುತ್ತದೆ.

ಅನುಮಾನ ಪಡಲೇಬಾರದು ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಅನುಮಾನಕ್ಕೆ ಕಾರಣ ಉಂಟು, ಅದೂ ನಮ್ಮ ರಾಜ್ಯದಲ್ಲೇ ಉಂಟು. ಆದರೆ ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಈ ಖಾತೆಯನ್ನು ನಡೆಸುತ್ತಿರುವವರು ಯಾರು, ಇನ್ನೊಬ್ಬರ ವೇಷ ತೊಟ್ಟು ದ್ವೇಷ ಹಬ್ಬಿಸುತ್ತಿದ್ದಾರೆಯೇ ಎಂಬುದು ಒಂದು. ಈ ಮನುಷ್ಯನ ನಿಜವಾದ ಧರ್ಮ ಯಾವುದು ಎಂಬುದು ಇನ್ನೊಂದು. ಮೊದಲನೆಯದನ್ನು ಸಾಕ್ಷ್ಯ ಇಟ್ಟುಕೊಂಡು ಬಿಡಿಸಬಹುದು, ಬಿಡಿಸಲೇಬೇಕು. ಎರಡನೆಯದನ್ನು ಬಿಡಿಸುವ ಹಕ್ಕು ಯಾವ ಗುಂಪಿಗೂ ಇಲ್ಲ, ಯಾವ ಅಡ್ಮಿನ್‌ಗೂ ಇಲ್ಲ. ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಮಾಡುವುದು ಈಗ ರೂಢಿಯಾಗುತ್ತಿದೆ, ಅಪಾಯ ಇರುವುದು ಅಲ್ಲೇ.

2022ರ ಜುಲೈನಲ್ಲಿ ಕೊಡಗಿನಲ್ಲಿ ಏನಾಯಿತು ನೋಡಿ. ಕಾವೇರಿ ತಾಯಿಯನ್ನೂ ಕೊಡವ ಹೆಣ್ಣುಮಕ್ಕಳನ್ನೂ ತೀರ ಕೀಳಾಗಿ ನಿಂದಿಸುವ ಪೋಸ್ಟ್ ಒಂದು ಮುಸ್ಲಿಂ ಹೆಸರಿನ ಖಾತೆಯಿಂದ ಹೊರಬಿತ್ತು. ಜಿಲ್ಲೆ ಕುದಿಯಿತು. ಕಾವೇರಿ ಎಂದರೆ ಕೊಡವರಿಗೆ ಬರೀ ನದಿಯಲ್ಲ, ಕುಲದ ತಾಯಿ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟಿನ ಗುರಿ ಯಾರು? ಖಾತೆಯ ಜಾಡು ಹಿಡಿದ ಪೊಲೀಸರು ಬಂಧಿಸಿದ್ದು ವಿರಾಜಪೇಟೆ ತಾಲ್ಲೂಕಿನ, ಕೊಡವ ಸಮುದಾಯಕ್ಕೇ ಸೇರಿದ ಯುವಕನನ್ನು. ಪೊಲೀಸರು ಜಾಡು ಹಿಡಿಯುವುದಕ್ಕೆ ಮುನ್ನ ಯಾವನಾದರೂ ಬಡಪಾಯಿ ಅಂಗಡಿಯವನು ಆ ಹೆಸರಿನವನೆಂಬ ಒಂದೇ ಕಾರಣಕ್ಕೆ ಜನರ ಕೈಗೆ ಸಿಕ್ಕಿದ್ದರೆ? ಅದೇ ವರ್ಷ ಬಾಗಲಕೋಟೆ ಕಡೆಯ ವ್ಯಕ್ತಿಯೊಬ್ಬ ಮುಸ್ಲಿಂ ಹೆಸರಿನ ಫೇಸ್‌ಬುಕ್ ಖಾತೆಯಿಂದ ಬಿಜೆಪಿಯ ವಿಧಾನ ಪರಿಷತ್ ಸದಸ್ಯರೊಬ್ಬರಿಗೆ ಕೊಲೆ ಬೆದರಿಕೆ ಹಾಕಿ ಸಿಕ್ಕಿಬಿದ್ದ. ಕರಾವಳಿಯಲ್ಲಿ ಸಾಲುಸಾಲು ಕೊಲೆಗಳಾಗಿ ರಾಜ್ಯದ ಎದೆ ಹೊಡೆದುಕೊಳ್ಳುತ್ತಿದ್ದ ವರ್ಷ ಅದು.

ಬೆಂಗಳೂರಿಗೆ ನಂಟಿದ್ದ ಪ್ರಕರಣ ಆ ವರ್ಷದ ಮೊದಲ ದಿನವೇ ಬಯಲಾಗಿತ್ತು. 2022ರ ಜನವರಿ 1ರಂದು ಗಿಟ್‌ಹಬ್‌ನಲ್ಲಿ ‘ಬುಲ್ಲಿ ಬಾಯಿ’ ಎಂಬ ಆ್ಯಪ್ ಕಾಣಿಸಿಕೊಂಡಿತು. ಪತ್ರಕರ್ತೆಯರೂ ಸೇರಿದಂತೆ ನೂರರಷ್ಟು ಮುಸ್ಲಿಂ ಮಹಿಳೆಯರ ಫೋಟೊ ಹಾಕಿ ಅವರನ್ನು ‘ಹರಾಜಿಗೆ’ ಇಟ್ಟಿದ್ದ ಹೇಸಿಗೆಯ ಕೆಲಸ ಅದು. ಅದನ್ನು ಹರಡುತ್ತಿದ್ದ ಟ್ವಿಟರ್ ಖಾತೆಗಳ ಹೆಸರುಗಳು ಸಿಖ್ಖರವು. ಮುಂಬೈ ಪೊಲೀಸರು ಬೆಂಗಳೂರಿಗೆ ಬಂದು 21 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನನ್ನು ಹಿಡಿದರು. ಅವನು ‘ಖಾಲ್ಸಾ’ ಹೆಸರಿನ ಖಾತೆಯನ್ನು ತೆರೆದಿದ್ದ, ಡಿಸೆಂಬರ್ 31ರಂದು ಉಳಿದ ಖಾತೆಗಳ ಹೆಸರನ್ನೂ ಸಿಖ್ಖರ ಹೆಸರಿನಂತೆ ಬದಲಿಸಿದ್ದ ಎಂಬುದು ಪೊಲೀಸರ ಆರೋಪ. ಇದನ್ನು ಮಾಡಿದವರು ಸಿಖ್ಖರು ಎಂದು ಜನ ನಂಬಬೇಕು, ಎರಡು ಸಮುದಾಯಗಳು ಬಡಿದಾಡಬೇಕು ಎಂಬುದೇ ಉದ್ದೇಶವಾಗಿತ್ತೆಂದು ಮುಂಬೈ ಪೊಲೀಸ್ ಆಯುಕ್ತರು ಆಗ ಪತ್ರಕರ್ತರೆದುರು ಹೇಳಿದರು.

ಜೀವನ್ ಬಿಮಾ ನಗರದಿಂದ ಹಲಸೂರು ಕೆರೆ ದೂರವಿಲ್ಲ. ಕೆರೆಯ ಪಕ್ಕದ ಗುರುದ್ವಾರದಲ್ಲಿ ಯಾರು ಬಂದು ಕೂತರೂ ಮತ ಕೇಳದೆ ಊಟ ಬಡಿಸುತ್ತಾರೆ. ಇದೇ ನಗರದ ಒಂದು ಕೋಣೆಯಲ್ಲಿ ಕೂತ ಹುಡುಗನೊಬ್ಬ ಆ ಜನರ ಹೆಸರನ್ನು ಕದ್ದು, ಅವರೆಂದೂ ಮಾಡದ ಪಾಪವನ್ನು ಅವರ ತಲೆಗೆ ಕಟ್ಟಬಲ್ಲನೆಂದರೆ ಆ ಹೆಸರಿಗೆ ಕಾವಲಿಲ್ಲ ಎಂದರ್ಥ. ಅದಕ್ಕೂ ಎರಡು ತಿಂಗಳ ಹಿಂದೆ, 2021ರ ನವೆಂಬರಿನಲ್ಲಿ, ಸೆಂಟರ್ ಫಾರ್ ಇನ್ಫರ್ಮೇಶನ್ ರೆಸಿಲಿಯನ್ಸ್ ಎಂಬ ಬ್ರಿಟನ್ನಿನ ಸಂಸ್ಥೆ ‘ನಿಜವಾದ ಸಿಖ್ಖರು’ ಎಂದು ಹೇಳಿಕೊಳ್ಳುತ್ತಿದ್ದ 80 ನಕಲಿ ಖಾತೆಗಳ ಜಾಲವೊಂದನ್ನು ಹೊರಗೆಳೆದಿತ್ತು. ನಟಿಯರ ಫೋಟೊ ಕದ್ದು ಡಿಪಿ ಮಾಡಿಕೊಂಡು, ರೈತ ಚಳವಳಿಯಲ್ಲಿದ್ದವರನ್ನು ‘ನಕಲಿ ಸಿಖ್ಖರು’ ಎಂದು ಹೀಯಾಳಿಸುವುದು ಆ ಖಾತೆಗಳ ಕೆಲಸವಾಗಿತ್ತು. ನಕಲಿಗಳೇ ಅಸಲಿಗಳ ಧರ್ಮವನ್ನು ಅನುಮಾನಿಸುತ್ತಿದ್ದರು.

ವೇಷ ಒಂದೇ ಕಡೆಯಿಂದ ಬರುತ್ತದೆ ಎಂದು ಯಾರೂ ತಿಳಿಯಬೇಕಾಗಿಲ್ಲ. 2022ರ ನವೆಂಬರ್ 19ರಂದು ಮಂಗಳೂರಿನ ಆಟೊದಲ್ಲಿ ಕುಕ್ಕರ್ ಬಾಂಬ್ ಸಿಡಿದಾಗ, ಅದನ್ನು ಒಯ್ಯುತ್ತಿದ್ದವನ ಬಳಿ ಸಿಕ್ಕ ಆಧಾರ್ ಕಾರ್ಡ್ ಒಬ್ಬ ಹಿಂದೂ ರೈಲ್ವೆ ನೌಕರನದು. ಆ ಕಾರ್ಡ್ ತೋರಿಸಿಯೇ ಅವನು ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ, ವಾಟ್ಸಾಪ್ ಡಿಪಿಗೆ ಆದಿಯೋಗಿಯ ಚಿತ್ರ ಹಾಕಿಕೊಂಡಿದ್ದ. ಕಾರ್ಡ್ ಕಳೆದುಕೊಂಡಿದ್ದ ಆ ನೌಕರ ತುಮಕೂರಿನಲ್ಲಿ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದ. ಅವನ ಹೆಸರು, ಫೋಟೊ ಟಿವಿಯಲ್ಲಿ ಬಂದ ಮೇಲೆ ಪೊಲೀಸರು ಅವನನ್ನು ಹುಡುಕಿ ಕೇಳಬೇಕಾಯಿತು. 2024ರ ಮಾರ್ಚ್ 1ರಂದು ನಮ್ಮ ಪೂರ್ವ ಬೆಂಗಳೂರಿನಲ್ಲೇ, ಐಟಿಪಿಎಲ್ ರಸ್ತೆಯ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾಯಿತು. ಆ ಪ್ರಕರಣದ ಒಬ್ಬ ಆರೋಪಿ ಹಿಂದೂ ಹೆಸರಿನ ನಕಲಿ ದಾಖಲೆ ಬಳಸಿ ತಲೆಮರೆಸಿಕೊಂಡಿದ್ದನೆಂದು ಎನ್‌ಐಎ ಪ್ರಕಟಿಸಿತು. ಇನ್ನೊಂದು ಕಡೆ, 2022ರ ನವೆಂಬರಿನಲ್ಲೇ ಉತ್ತರ ಭಾರತದಲ್ಲಿ, ಶ್ರದ್ಧಾ ವಾಲ್ಕರ್ ಕೊಲೆಯನ್ನು ಬೀದಿ ಸಂದರ್ಶನದಲ್ಲಿ ಸಮರ್ಥಿಸಿಕೊಂಡು ದೇಶವೆಲ್ಲ ಹರಿದಾಡಿದ ‘ರಶೀದ್ ಖಾನ್’ ನಿಜಕ್ಕೂ ಬುಲಂದ್‌ಶಹರದ ಒಬ್ಬ ಹಿಂದೂ ಯುವಕ ಎಂದು ಪೊಲೀಸರು ಹೇಳುವಷ್ಟರಲ್ಲಿ ಆ ವಿಡಿಯೊ ತನ್ನ ಕೆಲಸ ಮುಗಿಸಿತ್ತು. 2025ರ ಕುಂಭಮೇಳಕ್ಕೆ ಮುಸ್ಲಿಂ ಹೆಸರಿನಲ್ಲಿ ಬೆದರಿಕೆ ಹಾಕಿದವನೂ ಹೀಗೇ, ಬಿಹಾರದ ಪೂರ್ಣಿಯಾದಲ್ಲಿ ಸಿಕ್ಕ.

ಇಷ್ಟು ಓದಿದವರಿಗೆ, ಹಾಗಾದರೆ ಎಲ್ಲರ ಗುರುತನ್ನೂ ಕೆದಕುವುದೇ ಸರಿ ಅನ್ನಿಸಬಹುದು. ಮಂಡ್ಯದ ಹುಡುಗಿಯ ಕಥೆ ಅದಕ್ಕೆ ಉತ್ತರ.

2022ರ ಫೆಬ್ರುವರಿ 8ರಂದು ಮಂಡ್ಯದ ಪಿಇಎಸ್ ಕಾಲೇಜಿನ ಆವರಣದಲ್ಲಿ ಕೇಸರಿ ಶಾಲು ಹೊದ್ದ ಹುಡುಗರ ಗುಂಪಿನೆದುರು ಬುರ್ಖಾ ತೊಟ್ಟ ಮುಸ್ಕಾನ್ ಖಾನ್ ಘೋಷಣೆ ಕೂಗಿದ ದೃಶ್ಯ ಗಂಟೆಗಳಲ್ಲಿ ಜಗತ್ತು ಸುತ್ತಿತು. ಆಕೆ ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ನಡೆಯಬಹುದಿತ್ತು. ನಡೆದದ್ದು ಬೇರೆ. ಆಕೆ ನಿಜವಾಗಿ ಹಿಜಾಬ್ ಹಾಕುವವಳೇ ಅಲ್ಲ, ಅಂದು ನಾಟಕಕ್ಕಾಗಿ ಹಾಕಿಕೊಂಡು ಬಂದಳು ಎಂದು ‘ಸಾಬೀತು’ ಮಾಡುವ ಫೋಟೊಗಳು ಹರಿದವು. ಜೀನ್ಸ್ ತೊಟ್ಟ, ತಲೆ ಬಿಟ್ಟ ಯುವತಿಯ ಆ ಫೋಟೊಗಳು ಮುಸ್ಕಾನ್ ಅವರವಲ್ಲ, ಆಗ ಜೆಡಿಎಸ್‌ನ ಯುವ ನಾಯಕಿಯಾಗಿದ್ದ ನಜ್ಮಾ ನಜೀರ್ ಚಿಕ್ಕನೇರಳೆಯವರವು. ಊರಿನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು, ಅಚ್ಚಗನ್ನಡದಲ್ಲಿ ಮಾತಾಡುವ, ಜಾಲತಾಣದಲ್ಲಿ ಮೊದಲೇ ಪರಿಚಿತರಾಗಿದ್ದ ಹೆಣ್ಣುಮಗಳು ಅವರು. ಒಂದೇ ಏಟಿಗೆ ಇಬ್ಬರಿಗೆ ಪೆಟ್ಟು ಬಿತ್ತು. ಒಬ್ಬಾಕೆಯ ನಂಬಿಕೆಯನ್ನು ಸುಳ್ಳು ಎಂದದ್ದಾಯಿತು, ಇನ್ನೊಬ್ಬಾಕೆಯ ಬದುಕಿನ ಬಗೆಯನ್ನು ಆ ಸುಳ್ಳಿಗೆ ಸಾಕ್ಷಿ ಮಾಡಿದ್ದಾಯಿತು. ಹಿಜಾಬ್ ಧರಿಸುವವಳೂ ಧರಿಸದವಳೂ ಮುಸ್ಲಿಂ ಹೆಣ್ಣುಮಕ್ಕಳೇ ಆಗಿರಬಹುದು ಎಂಬ ಸರಳ ಸಂಗತಿ ಆ ಫಾರ್ವರ್ಡ್ ಮಾಡಿದವರಿಗೆ ಹೊಳೆಯಲಿಲ್ಲ. ಮುಂದೆ ಏಪ್ರಿಲಿನಲ್ಲಿ ಅಲ್ ಖೈದಾದ ಮುಖ್ಯಸ್ಥ ಜವಾಹಿರಿ ಆಕೆಯನ್ನು ಹೊಗಳುವ ವಿಡಿಯೊ ಬಿಟ್ಟಾಗ, ಆತನಿಗೂ ನಮಗೂ ಏನು ಸಂಬಂಧ, ನಾವು ಇಲ್ಲಿ ನೆಮ್ಮದಿಯಾಗಿದ್ದೇವೆ ಎಂದು ಆ ಹುಡುಗಿಯ ತಂದೆ ಕ್ಯಾಮೆರಾಗಳ ಮುಂದೆ ನಿಂತು ಹೇಳಬೇಕಾಯಿತು. ಮಗಳು ಕಾಲೇಜಿಗೆ ಹೋದ ಒಂದೇ ಕಾರಣಕ್ಕೆ ಅಪ್ಪ ಜಗತ್ತಿನ ಮುಂದೆ ಜವಾಬು ಕೊಡುವಂತಾಗುವುದನ್ನು ನೋಡಲಾರದೆ ನೋಡಿದ್ದೇವೆ.

ಭಕ್ತಿಯ ಹೆಸರಿನ ಅನಾಮಧೇಯ ಖಾತೆಗಳ ಮಾತೂ ಬರಬೇಕು. ಆಲ್ಟ್ ನ್ಯೂಸ್‌ನ ಸಹಸಂಸ್ಥಾಪಕ ಮೊಹಮ್ಮದ್ ಜುಬೇರ್ ಬೆಂಗಳೂರಿನವರು. 2022ರ ಜೂನ್ 27ರಂದು ದೆಹಲಿ ಪೊಲೀಸರು ಅವರನ್ನು ಬಂಧಿಸಿದ್ದು 2018ರ ಒಂದು ಟ್ವೀಟಿಗಾಗಿ. ಅದರಲ್ಲಿದ್ದದ್ದು 1983ರ ಹಿಂದಿ ಸಿನಿಮಾವೊಂದರ ದೃಶ್ಯ. ದೂರಿಗೆ ಮೂಲ ‘ಹನುಮಾನ್ ಭಕ್ತ್’ ಎಂಬ ಹೆಸರಿನ, ಬೆರಳೆಣಿಕೆಯ ಅನುಯಾಯಿಗಳಿದ್ದ ಅನಾಮಧೇಯ ಖಾತೆಯ ಒಂದು ಟ್ವೀಟ್. ಜೂನ್ 30ರಂದು ಪೊಲೀಸರು ಜುಬೇರ್ ಅವರನ್ನು ಬೆಂಗಳೂರಿನ ಮನೆಗೆ ಕರೆತಂದು ಲ್ಯಾಪ್‌ಟಾಪ್ ತೆಗೆದುಕೊಂಡು ಹೋದರು. ಅಷ್ಟರೊಳಗೆ ದೂರು ಕೊಟ್ಟ ಖಾತೆಯೇ ಅಳಿಸಿಹೋಗಿತ್ತು. ಜುಲೈ 20ರಂದು ಸುಪ್ರೀಂ ಕೋರ್ಟ್ ಜಾಮೀನು ಕೊಡುವವರೆಗೆ ಜುಬೇರ್ ಒಳಗಿದ್ದರು. ಆ ಖಾತೆಯ ಹಿಂದಿದ್ದವನ ಭಕ್ತಿ ನಿಜವೋ ಸುಳ್ಳೋ ಎಂಬುದು ನನಗೆ ಬೇಡದ ಪ್ರಶ್ನೆ. ಮುಖವಿಲ್ಲದ ಖಾತೆಯೊಂದು ಧರ್ಮದ ಹೆಸರಿನಲ್ಲಿ ನೊಂದೆ ಎಂದರೆ ಒಬ್ಬ ಪತ್ರಕರ್ತ ಸೆರೆಮನೆ ಸೇರಬಹುದು ಎಂಬುದು ಭಯ ಹುಟ್ಟಿಸುವ ಸಂಗತಿ.

ಅನುಮಾನವನ್ನು ಸರಿಯಾಗಿ ಪಟ್ಟವರೂ ಇದ್ದಾರೆ. 2011ರಲ್ಲಿ, ಸಿರಿಯಾದ ದಂಗೆಯ ನಡುವೆ, ದಮಾಸ್ಕಸ್‌ನಲ್ಲಿರುವ ಸಲಿಂಗಿ ಮುಸ್ಲಿಂ ಹೆಣ್ಣುಮಗಳು ಎಂದು ಹೇಳಿಕೊಂಡ ಅಮೀನಾ ಅರಾಫ್ ಎಂಬ ಬರಹಗಾರ್ತಿಯನ್ನು ಜಗತ್ತೇ ಓದುತ್ತಿತ್ತು. ಜೂನ್ ಮೊದಲ ವಾರ ಆಕೆಯನ್ನು ಶಸ್ತ್ರಧಾರಿಗಳು ಎತ್ತಿಕೊಂಡು ಹೋದರೆಂಬ ಸುದ್ದಿ ಬಂತು, ಬಿಡುಗಡೆಗೆ ಅಭಿಯಾನ ಶುರುವಾಯಿತು. ಆಗ ಅಮೆರಿಕದ ರೇಡಿಯೊ ಪತ್ರಕರ್ತ ಆ್ಯಂಡಿ ಕಾರ್ವಿನ್ ಕೇಳಿದ್ದು ಈಕೆ ನಿಜವಾದ ಮುಸ್ಲಿಮಳೇ ಎಂದಲ್ಲ. ಈಕೆಯನ್ನು ಕಣ್ಣಾರೆ ಭೇಟಿಯಾದವರು ಯಾರಾದರೂ ಇದ್ದೀರಾ ಎಂದು ಕೇಳಿದರು. ಯಾರೂ ಇರಲಿಲ್ಲ. ಆಕೆಯದೆಂದು ಓಡಾಡುತ್ತಿದ್ದ ಫೋಟೊಗಳು ತನ್ನವು ಎಂದು ಲಂಡನ್ನಿನ ಮಹಿಳೆಯೊಬ್ಬರು ಮುಂದೆ ಬಂದರು. ಇಂಟರ್ನೆಟ್ ವಿಳಾಸದ ಜಾಡು ಎಡಿನ್‌ಬರೋದತ್ತ ಹೋಯಿತು. ಜೂನ್ 12ರಂದು, ಅಲ್ಲಿ ಓದುತ್ತಿದ್ದ ಟಾಮ್ ಮ್ಯಾಕ್‌ಮಾಸ್ಟರ್ ಎಂಬ 40 ವರ್ಷದ ಅಮೆರಿಕನ್ ಗಂಡಸು, ಅಮೀನಾ ತನ್ನ ಕಲ್ಪನೆ ಎಂದು ಒಪ್ಪಿಕೊಂಡ. ಇಲ್ಲದ ಹೆಂಗಸಿಗಾಗಿ ಓಡಾಡಿದ, ಸಿರಿಯಾದೊಳಗಿನ ನಿಜವಾದ ಸಲಿಂಗಿ ಹೋರಾಟಗಾರರು ತಮ್ಮ ಜೀವವನ್ನೇ ಅಪಾಯಕ್ಕೆ ಒಡ್ಡಿಕೊಂಡಿದ್ದರು.

ನಮ್ಮದೇ ಊರಿನ ಇನ್ನೊಂದು ಪ್ರಸಂಗ. ಐಸಿಸ್ ಪರ ಪ್ರಚಾರದ ‘ಶಾಮಿ ವಿಟ್ನೆಸ್’ ಟ್ವಿಟರ್ ಖಾತೆಗೆ 17,000ಕ್ಕೂ ಹೆಚ್ಚು ಅನುಯಾಯಿಗಳಿದ್ದರು. ಯುರೋಪಿನಲ್ಲೋ ಪಶ್ಚಿಮ ಏಷ್ಯಾದಲ್ಲೋ ಇರುವವನೆಂದು ಜಗತ್ತು ಊಹಿಸುತ್ತಿದ್ದಾಗ, ಅವನು ಬೆಂಗಳೂರಿನ ಕಂಪನಿ ನೌಕರ ಎಂದು ಬ್ರಿಟನ್ನಿನ ಚಾನೆಲ್ 4 ಬಯಲು ಮಾಡಿದ್ದು 2014ರ ಡಿಸೆಂಬರ್ 11ರಂದು. ಎರಡೇ ದಿನದಲ್ಲಿ ನಮ್ಮ ಪೊಲೀಸರು ಅವನನ್ನು ಬಂಧಿಸಿದರು. ಅಂಥ ಗಂಭೀರ ಆರೋಪವಿದ್ದರೂ ಆ ವಾಹಿನಿ ಅವನ ಪೂರ್ತಿ ಹೆಸರನ್ನು ಮೊದಲ ಸುದ್ದಿಯಲ್ಲಿ ಹೇಳಲಿಲ್ಲ, ಜೀವಕ್ಕೆ ಅಪಾಯವಾಗಬಹುದು ಎಂಬ ಕಾರಣಕ್ಕೆ. ಹಿಡಿಯುವ ಕೆಲಸ ಪೊಲೀಸರದು, ಗುಂಪಿನದಲ್ಲ ಎಂಬ ಎಚ್ಚರ ಅದರಲ್ಲಿತ್ತು. ಇಂದು ನಮ್ಮ ಟ್ರೋಲ್ ಪೇಜುಗಳು ಅದರ ಹತ್ತರಲ್ಲೊಂದು ಸಾಕ್ಷ್ಯವೂ ಇಲ್ಲದೆ ಮನೆ ವಿಳಾಸವನ್ನೇ ಹಾಕಿಬಿಡುತ್ತವೆ.

ಹೆಸರು ನೋಡಿ ಧರ್ಮ ಹೇಳುವ ವಿದ್ಯೆ ನಮ್ಮ ದಂಡು ಪ್ರದೇಶದಲ್ಲಿ ನಡೆಯುವುದಿಲ್ಲ. ಶಿವಾಜಿನಗರ, ಹಲಸೂರು, ಮರ್ಫಿ ಟೌನ್‌ಗಳಲ್ಲಿ ಸೆಲ್ವರಾಜ್ ಎಂಬವರು ಹಿಂದೂ ಇರಬಹುದು, ಕ್ರೈಸ್ತ ಇರಬಹುದು. ಜಯಾ, ಶಾಂತಿ, ಪ್ರಕಾಶ್ ಎಂಬ ಹೆಸರುಗಳೂ ಅಷ್ಟೇ. ಉತ್ತರ ಕರ್ನಾಟಕದಿಂದ ಬಂದ ಪಟೇಲ, ದೇಸಾಯಿ, ಇನಾಂದಾರ ಯಾವ ಮತದವರೂ ಆಗಿರಬಹುದು. ಬಂಗಾಳದಿಂದ ಬಂದ ಬಿಸ್ವಾಸ್, ಮಂಡಲ್, ಚೌಧರಿ ಕೂಡ. ಸೆಪ್ಟೆಂಬರ್ 8ರಂದು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಮುಂದೆ ಹೋಗಿ ನಿಂತರೆ ಕಾವಿ ಸೀರೆ ಉಟ್ಟು ಹರಕೆ ತೀರಿಸಲು ಬರುವ ಹೆಂಗಸರು ಸಾಲುಗಟ್ಟಿರುತ್ತಾರೆ, ಅವರಲ್ಲಿ ಎಷ್ಟೋ ಮಂದಿಯ ಮನೆದೇವರು ಯಲ್ಲಮ್ಮನೋ ಮಾರಿಯಮ್ಮನೋ. ಕರಗದ ರಾತ್ರಿ ದ್ರೌಪದಮ್ಮನ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಬರುತ್ತದೆ. ಶಿಶುನಾಳದ ಶರೀಫರಿಗೆ ಗುರು ಗೋವಿಂದ ಭಟ್ಟರು. ಮಸೀದಿಯ ಮನೆಯ ಹುಡುಗ ಬ್ರಾಹ್ಮಣ ಗುರುವಿನ ಕಾಲಿಗೆ ಬಿದ್ದಾಗ, ಇವನು ನಿಜವಾಗಿ ಯಾವ ಪೈಕಿ ಎಂದು ಕೇಳಿ ಕಾಡಿದವರು ಅಂದೂ ಇದ್ದರು. ಅವರ ಹೆಸರು ಇಂದು ಯಾರಿಗೂ ನೆನಪಿಲ್ಲ, ಶರೀಫರ ಪದ ಹಾಡದ ಊರಿಲ್ಲ. ಇಂಥ ನಾಡಿನ ಮನೆಯೊಂದರ ಮದುವೆ ಆಲ್ಬಂ ನೋಡಿ ಅವರ ಮತ ನಿರ್ಧರಿಸಲು ಹೊರಡುವವರಿಗೆ ಈ ನಾಡು ಗೊತ್ತಿಲ್ಲ.

ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತಾಡಿದೆ, ಅದಕ್ಕೆ ಕಾರಣರಾದವರು ಬೆಂಗಳೂರಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಯಾವ ನಂಬಿಕೆ ಇಟ್ಟುಕೊಳ್ಳಬೇಕು ಎಂಬುದಷ್ಟೇ ಅಲ್ಲ, ಅದನ್ನು ಜಗತ್ತಿಗೆ ಹೇಳಬೇಕೋ ಬೇಡವೋ ಎಂಬುದೂ ಆಯಾ ವ್ಯಕ್ತಿಗೇ ಸೇರಿದ್ದು ಎಂಬ ವಿವೇಚನೆ ಆ ತೀರ್ಪಿನಲ್ಲಿದೆ. ಮತ ಬದಲಿಸಿ ಮನೆಯವರಿಗೆ ಇನ್ನೂ ಹೇಳದ ಹುಡುಗಿ, ಎರಡು ಮತದ ತಂದೆತಾಯಿಗೆ ಹುಟ್ಟಿ ಎರಡೂ ಹಬ್ಬ ಮಾಡುವ ಹುಡುಗ, ದೇವರನ್ನೇ ನಂಬದಿದ್ದರೂ ಅಜ್ಜಿಗಾಗಿ ನಮಾಜು ಮಾಡುವವನು, ಇವರೆಲ್ಲರಿಗೂ ಆ ತೀರ್ಪು ಆಸರೆ. ಇವರಲ್ಲಿ ಯಾರಾದರೂ ಜನಪ್ರಿಯರಾದರೆಂಬ ಮಾತ್ರಕ್ಕೆ ಆ ಆಸರೆ ತಪ್ಪಬಾರದು. ಇನ್ನೊಬ್ಬ ವ್ಯಕ್ತಿಯ ಗುರುತು ಕದಿಯುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, ವೇಷ ಹಾಕಿ ವಂಚಿಸುವುದಕ್ಕೆ 66ಡಿ, ಸಮುದಾಯಗಳ ನಡುವೆ ದ್ವೇಷ ಬಿತ್ತುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 196, ಧಾರ್ಮಿಕ ಭಾವನೆಗೆ ಬೇಕೆಂದೇ ಘಾಸಿ ಮಾಡುವುದಕ್ಕೆ 299ನೇ ಕಲಂ ಈಗಾಗಲೇ ಇವೆ. ರಾಜ್ಯ ಸರ್ಕಾರ 2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆಯನ್ನೂ ತಂದಿತು. ಶಿಕ್ಷೆ ಹೆಚ್ಚಿಸುವುದರಿಂದ ಈ ರೋಗ ವಾಸಿಯಾಗುತ್ತದೆ ಎಂದು ನನಗನ್ನಿಸುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಏನಾಗುತ್ತದೆ ಎಂಬುದೇ ಇಲ್ಲಿ ಮುಖ್ಯ.

ಆ ಗಂಟೆಗಳಲ್ಲಿ ಈ ನಗರಕ್ಕೆ ಏನಾಗಬಹುದು ಎಂಬುದನ್ನು ಎರಡು ಆಗಸ್ಟ್‌ಗಳು ತೋರಿಸಿವೆ. 2012ರ ಆಗಸ್ಟ್ 15ರ ಆಸುಪಾಸಿನಲ್ಲಿ ಎಸ್‌ಎಂಎಸ್ ವದಂತಿಗಳಿಗೆ, ಎಲ್ಲಿಯದೋ ಹಳೆಯ ಚಿತ್ರಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗುವಾಹಟಿ ರೈಲು ಹತ್ತಿದರು. ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಒಟ್ಟಿಗೆ ಕಳಿಸುವಂತಿಲ್ಲ ಎಂದು ಕೇಂದ್ರ ಸರ್ಕಾರ ದೇಶಕ್ಕೆಲ್ಲ ಕಡಿವಾಣ ಹಾಕಬೇಕಾಯಿತು. ಇಂದು ಈ ಬಡಾವಣೆಯ ಅಡುಗೆಮನೆ, ಸಲೂನು, ಕಾವಲುಗಾರರ ಗೂಡುಗಳಲ್ಲಿ ದುಡಿಯುವವರಲ್ಲಿ ಎಷ್ಟೋ ಮಂದಿ ಆ ಊರುಗಳವರೇ. 2020ರ ಆಗಸ್ಟ್ 11ರ ರಾತ್ರಿ ಒಂದು ಫೇಸ್‌ಬುಕ್ ಪೋಸ್ಟಿನ ಸಿಟ್ಟಿಗೆ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಠಾಣೆಗಳ ಮೇಲೆ ದಾಳಿಯಾಯಿತು, ಶಾಸಕರ ಮನೆಗೆ ಬೆಂಕಿ ಬಿತ್ತು, ಪೊಲೀಸ್ ಗೋಲಿಬಾರಿಗೆ ಮೂವರು ಸತ್ತರು. ಅದೇ ರಾತ್ರಿ ಮುಸ್ಲಿಂ ಯುವಕರು ಕೈಕೈ ಹಿಡಿದು ಹನುಮಂತನ ಗುಡಿಯನ್ನು ಕಾದರು. ಪೋಸ್ಟ್ ಬಿದ್ದದ್ದಕ್ಕೂ ಬೆಂಕಿ ಬಿದ್ದದ್ದಕ್ಕೂ ನಡುವೆ ಇದ್ದದ್ದು ಕೆಲವೇ ತಾಸು.

ಇನ್ನು ಮುಂದೆ ಆ ತಾಸುಗಳೂ ಸಿಗಲಿಕ್ಕಿಲ್ಲ. 2025ರ ಜುಲೈನಲ್ಲಿ ಅಸ್ಸಾಂ ಪೊಲೀಸರು ಒಬ್ಬ ಎಂಜಿನಿಯರನನ್ನು ಬಂಧಿಸಿದರು. ಹಿಂದೆ ತನಗೆ ಪರಿಚಯವಿದ್ದ ಹೆಣ್ಣುಮಗಳ ಫೋಟೊ ಬಳಸಿ, ಎಐ ತಂತ್ರದಿಂದ, ಹೊಸದೊಂದು ಇನ್‌ಸ್ಟಾಗ್ರಾಂ ತಾರೆಯನ್ನೇ ಅವನು ಸೃಷ್ಟಿಸಿದ್ದ. ಆ ಖಾತೆಗೆ 14 ಲಕ್ಷ ಅನುಯಾಯಿಗಳು ಸೇರಿದ್ದರು. ಅಲ್ಲಿದ್ದದ್ದು ಒಬ್ಬಳ ಮೇಲಿನ ಸೇಡು. ಅಂಥದೇ ಮುಖಕ್ಕೆ ನಾಳೆ ಒಬ್ಬ ಕುಂಕುಮ ಇಡಬಹುದು, ಇನ್ನೊಬ್ಬ ಹಿಜಾಬ್ ತೊಡಿಸಬಹುದು, ಮತ್ತೊಬ್ಬ ಕೊರಳಿಗೆ ಶಿಲುಬೆ ಹಾಕಬಹುದು, ಆ ಬಾಯಿಂದ ಏನು ಬೇಕಾದರೂ ಹೇಳಿಸಬಹುದು. ಅದು ಅಸಲಿಯೇ ಎಂದು ನೋಡಲು ಕಂಪನಿಗಳು ಕೊಟ್ಟ ಗುರುತುಗಳನ್ನು ನಂಬಿ ಕೂರುವಂತಿಲ್ಲ. ಎಕ್ಸ್‌ನ (ಹಿಂದಿನ ಟ್ವಿಟರ್) ನೀಲಿ ಟಿಕ್ 2022ರ ಕೊನೆಯಿಂದ ದುಡ್ಡು ಕೊಟ್ಟವರಿಗೆ ಸಿಗುತ್ತಿದೆ. 2025ರ ನವೆಂಬರಿನಲ್ಲಿ ಅದೇ ಎಕ್ಸ್ ಪ್ರತಿ ಖಾತೆ ಯಾವ ದೇಶದ್ದೆಂದು ತೋರಿಸತೊಡಗಿದಾಗ, ಒಂದು ದೇಶದ ದೇಶಭಕ್ತರೆಂದು ಹೇಳಿಕೊಂಡ ಎಷ್ಟೋ ಖಾತೆಗಳು ಬೇರೆ ಖಂಡದಲ್ಲಿ ಕಾಣಿಸಿಕೊಂಡವು. ಆ ಲೆಕ್ಕವೂ ವಿಪಿಎನ್ ಬಳಸಿದರೆ ತಪ್ಪುತ್ತದೆ.

ಹಾಗಾದರೆ ಜೀವನ್ ಬಿಮಾ ನಗರದಲ್ಲಿ ಏನಾಗಬೇಕು? ಮೊದಲ ಹೊಣೆ ಪೊಲೀಸರದು. ಮತೀಯ ಗುರುತು ಹೊತ್ತ ಪ್ರಚೋದನಕಾರಿ ಪೋಸ್ಟ್ ಬಂದ ಕೂಡಲೇ ಠಾಣೆಯವರೂ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಯವರೂ ಕಾಯದೆ ಸ್ವಯಂಪ್ರೇರಿತ ದೂರು ದಾಖಲಿಸಿಕೊಳ್ಳಬೇಕು, ಮತ್ತು ಅದಕ್ಕಿಂತ ಮುಖ್ಯವಾಗಿ, ಆ ಖಾತೆ ಯಾರದೆಂದು ಇನ್ನೂ ಖಚಿತವಾಗಿಲ್ಲ ಎಂಬ ಒಂದು ಸಾಲನ್ನು ಅದೇ ಸಂಜೆ ಕನ್ನಡದಲ್ಲಿ, ಉರ್ದುವಿನಲ್ಲಿ, ತಮಿಳಿನಲ್ಲಿ ಪ್ರಕಟಿಸಬೇಕು. ಕೊಡಗಿನಲ್ಲೂ ಮಂಗಳೂರಿನಲ್ಲೂ ಸತ್ಯ ಹೊರಬಂದದ್ದು ಜಾಡು ಹಿಡಿದವರಿಂದ. ಆ ಜಾಡಿಗೆ ಬೇಕಾದ ಸಮಯವನ್ನು ಜನರಿಂದ ಕೇಳಿ ಪಡೆಯುವುದನ್ನು ಪೊಲೀಸರು ಕಲಿಯಬೇಕು. ಗುರುತು ಕದ್ದ ಖಾತೆಯ ಬಗ್ಗೆ ನೊಂದವರು ದೂರಿದರೆ ಗರಿಷ್ಠ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಕಂಪನಿಗಳಿಗೆ ವಿಧಿಸಿದವು. ಆ ಹಕ್ಕು ತಮಗಿದೆ ಎಂಬುದೇ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಿಲ್ಲ. ಬಡಾವಣೆಯ ನಿವಾಸಿಗಳ ಸಂಘಗಳು ಕಸದ ಗಾಡಿಯ ಸಮಯ ತಿಳಿಸುವಷ್ಟೇ ಶ್ರದ್ಧೆಯಿಂದ ಇದನ್ನೂ ತಿಳಿಸಲಿ.

ಗುಂಪುಗಳ ಅಡ್ಮಿನ್‌ಗಳಿಗೆ ಒಂದು ನೇರ ಮಾತು. ಪೋಸ್ಟನ್ನು ಚರ್ಚಿಸಲು ಬಿಡಿ, ಬೇಕಾದರೆ ಖಂಡಿಸಿ. ಆ ಖಾತೆ ಯಾವಾಗ ತೆರೆದದ್ದು, ಹೆಸರು ಎಷ್ಟು ಸಲ ಬದಲಾಗಿದೆ, ಫೋಟೊ ಬೇರೆ ಯಾರದಾದರೂ ಇದೆಯೇ, ಇವನ್ನು ಕೇಳಿ. ಆದರೆ ಮನೆ ವಿಳಾಸ, ತಂದೆಯ ಹೆಸರು, ತಂಗಿಯ ಕಾಲೇಜು ಎಂದು ಯಾರಾದರೂ ಹಾಕಿದ ಕ್ಷಣ ಅದನ್ನು ಅಳಿಸಿ, ಹಾಕಿದವರನ್ನು ಹೊರಗೆ ಕಳಿಸಿ. ಮನೆಮಾಲೀಕರು ಬಾಡಿಗೆದಾರರ ಗುರುತಿನ ಚೀಟಿ ಪಡೆದು ಪರಿಶೀಲಿಸಲಿ, ಕದ್ದ ಆಧಾರ್ ತೋರಿಸಿ ಕೋಣೆ ಹಿಡಿದ ಮೈಸೂರಿನ ಪ್ರಕರಣದ ಪಾಠ ಅದು. ಹಾಗೆ ಪಡೆದ ಚೀಟಿಯ ಚಿತ್ರ ಯಾವ ಗುಂಪಿಗೂ ಹೋಗದಂತೆ ನೋಡಿಕೊಳ್ಳುವುದೂ ಅವರ ಹೊಣೆಯೇ. ಕನ್ನಡದ ಸುದ್ದಿ ವಾಹಿನಿಗಳು, ‘ಇವನ ಅಸಲಿ ಹಿನ್ನೆಲೆ ಏನು’ ಎಂಬ ಪಟ್ಟಿ ಓಡಿಸುವ ಮುನ್ನ ಸುದ್ದಿಮನೆಯಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಹಿನ್ನೆಲೆ ಅವನು ಮಾಡಿದ ಕೆಲಸಕ್ಕೆ ಸಂಬಂಧಿಸಿದ್ದೇ? ಸಿಖ್ಖರ ಹೆಸರು ಕದ್ದವನ ವಿಷಯದಲ್ಲಿ ಸಂಬಂಧಿಸಿತ್ತು. ಮಂಡ್ಯದ ಹುಡುಗಿಯ ವಿಷಯದಲ್ಲಿ ಇರಲಿಲ್ಲ.

ಇದನ್ನು ಈಗಲೇ ಹೇಳಲು ಇನ್ನೊಂದು ಕಾರಣವೂ ಇದೆ. ಬಿಬಿಎಂಪಿಯ ಕೊನೆಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದಾಗ ಸಿ.ವಿ. ರಾಮನ್ ನಗರ ಕ್ಷೇತ್ರ, ಅದರೊಂದಿಗೆ ಜೀವನ್ ಬಿಮಾ ನಗರ, ಶಿವಾಜಿನಗರದ ಜೊತೆಗೆ ಕೇಂದ್ರ ಪಾಲಿಕೆಗೆ ಸೇರಿತು. ಹೊಸ ವಾರ್ಡುಗಳು ಚಿಕ್ಕವು. ಚಿಕ್ಕ ವಾರ್ಡಿನಲ್ಲಿ ಗೆಲುವು ಸೋಲು ನಿಲ್ಲುವುದು ಕೆಲವು ನೂರು ಮತಗಳ ಮೇಲೆ, ಒಂದೆರಡು ಬೀದಿಗಳ ಮೇಲೆ. ಚುನಾವಣೆ ಹತ್ತಿರವಾದಂತೆ ಸ್ಥಳೀಯ ರೀಲ್ಸ್ ತಾರೆಯರನ್ನು ಪ್ರಚಾರಕ್ಕೆ ಎಳೆದುಕೊಳ್ಳುತ್ತಾರೆ, ಎದುರಾಳಿ ಕಡೆಯವರು ಅವರ ಜಾತಿ, ಮತ, ಮನೆತನ ಕೆದಕಲು ಹೊರಡುತ್ತಾರೆ. ಒಂದು ಸಮುದಾಯದ ಹೆಸರಿನಲ್ಲಿ ಇನ್ನೊಂದು ಸಮುದಾಯವನ್ನು ಬೈಯುವ ಹೊಸ ಖಾತೆಗಳು ಮತದಾನದ ಹಿಂದಿನ ವಾರ ಹುಟ್ಟಿಕೊಳ್ಳುವ ಸಂಭವ ಹೆಚ್ಚು. ಪಕ್ಷಗಳ ಸ್ಥಳೀಯ ಮುಖಂಡರು ಒಟ್ಟಿಗೆ ಕೂತು, ಯಾರ ಧರ್ಮದ ಗುರುತನ್ನೂ ಪ್ರಚಾರದ ಸರಕು ಮಾಡುವುದಿಲ್ಲ, ನಕಲಿ ಖಾತೆ ಕಂಡರೆ ಎದುರಾಳಿಯ ಪರವಾಗಿದ್ದರೂ ವಿರುದ್ಧವಾಗಿದ್ದರೂ ಮೊದಲು ಠಾಣೆಗೆ ತಿಳಿಸುತ್ತೇವೆ ಎಂದು ನಾಮಪತ್ರ ಸಲ್ಲಿಕೆಗೆ ಮೊದಲೇ ಬರೆದುಕೊಡಲಿ. ಆ ಸಭೆಯನ್ನು ಜೀವನ್ ಬಿಮಾ ನಗರ ಠಾಣೆಯ ಇನ್‌ಸ್ಪೆಕ್ಟರ್ ಈ ತಿಂಗಳೇ ಕರೆಯಬಹುದು.